ಫೈನಲ್‌ಗೆ ತಿರುಗುವ ಆ ಕೊನೆಯ ತಿರುವು: ನಾನು ಮಾಡಿದ ಸ್ಪಿನ್ ತರಬೇತಿ ಕೋರ್ಸ್ ಹೇಗಿತ್ತು

ಮೊದಲೇ ಹೇಳಿಬಿಡುತ್ತೇನೆ. ಸಣ್ಣ ವಿಮಾನ ಹಾರಿಸುವವರು ಯಾರೇ ಆಗಲಿ, ಲೈಸೆನ್ಸ್ ಕೈಗೆ ಬಂದು ಎಷ್ಟೇ ವರ್ಷ ಆಗಿರಲಿ, ಸ್ಟಾಲ್ ಮತ್ತು ಸ್ಪಿನ್ ತರಬೇತಿಯನ್ನು ಒಮ್ಮೆ ಸರಿಯಾಗಿ ತಗೊಳ್ಳಿ. ಸ್ಟಾಲ್ ಅಂದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯುವ ಶಕ್ತಿ ಕಳೆದುಕೊಳ್ಳುವುದು, ಸ್ಪಿನ್ ಅಂದರೆ ಸ್ಟಾಲ್ ಆದ ವಿಮಾನ ಗಿರಗಿರನೆ ಸುತ್ತುತ್ತಾ ಬೀಳುವುದು. ನಾನು ಹೋದ ಕೋರ್ಸ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಆ ಒಂದು ಅಂಕ ಸಣ್ಣ ವಿಷಯಕ್ಕೆ ಕಳೆದಿದ್ದಲ್ಲ, ಅದನ್ನು ಕೊನೆಗೆ ಬಿಡಿಸಿ ಹೇಳುತ್ತೇನೆ. ಶಾಲೆಯ ಹೆಸರು ಬರೆಯುತ್ತಿಲ್ಲ. ಇಂಥ ಕೋರ್ಸ್ ಬೇರೆ ಬೇರೆ ಕಡೆ ನಡೆಯುತ್ತದೆ, ಪಾಠದ ಪಟ್ಟಿ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ, ನಿಮಗೆ ಸಿಗುವ ಶಾಲೆಯಲ್ಲಿ ಏನು ಕೇಳಬೇಕು ಅನ್ನೋದು ಗೊತ್ತಾದರೆ ಸಾಕು.

ಇದು ಯಾಕೆ ಬೇಕು? ವಿಮಾನ ಅಪಘಾತದ ತನಿಖಾ ವರದಿಗಳನ್ನು ಓದುವ ಅಭ್ಯಾಸ ಇರುವವರಿಗೆ ಗೊತ್ತಿರುತ್ತದೆ. ಎಂಜಿನ್ ಸರಿ ಇತ್ತು. ಟ್ಯಾಂಕಿನಲ್ಲಿ ಇಂಧನ ಇತ್ತು. ಆಕಾಶ ತಿಳಿಯಾಗಿತ್ತು. ಪೈಲಟ್ ಆ ರನ್‌ವೇಯಲ್ಲಿ ಹಿಂದೆ ಎಷ್ಟೋ ಸಲ ಇಳಿದಿದ್ದರು. ಆದರೂ ವಿಮಾನ ರನ್‌ವೇಗೆ ಸ್ವಲ್ಪ ಮುಂಚೆ, ಕೊನೆಯ ತಿರುವಿನಲ್ಲಿ, ಒಂದು ರೆಕ್ಕೆ ಕೆಳಗೆ ಮಾಡಿಕೊಂಡು ಮೂಗು ನೆಲಕ್ಕೆ ನೆಟ್ಟು ಬಿತ್ತು. ನೋಡಿದವರು ಹೇಳುವುದೂ ಒಂದೇ: ನಿಧಾನವಾಗಿ ಬರುತ್ತಿತ್ತು, ಇದ್ದಕ್ಕಿದ್ದ ಹಾಗೆ ಮಗುಚಿತು. ಇಂಥದ್ದರಲ್ಲಿ ಬದುಕುಳಿಯುವವರು ಬಹಳ ಕಡಿಮೆ. ನನ್ನ ಜೊತೆ ಹಾರುತ್ತಿದ್ದ ಒಬ್ಬರು ಹೀಗೇ ಹೋದರು. ನನಗಿಂತ ಜಾಸ್ತಿ ಅನುಭವ ಅವರಿಗಿತ್ತು, ತುಂಬಾ ಜಾಗ್ರತೆಯ ಮನುಷ್ಯ. ಆಮೇಲೆ ನಾನು ಈ ಕೋರ್ಸ್ ಹುಡುಕಲು ಶುರು ಮಾಡಿದೆ.

ಹಾರಾಟದ ಪರಿಚಯ ಇಲ್ಲದವರೂ ಓದುತ್ತಿರಬಹುದು, ಅವರಿಗಾಗಿ ಸ್ವಲ್ಪ. ಇಳಿಯಲು ಬರುವ ಸಣ್ಣ ವಿಮಾನ ಮೊದಲು ರನ್‌ವೇಯ ಪಕ್ಕದಲ್ಲಿ, ಇಳಿಯುವ ದಿಕ್ಕಿಗೆ ಎದುರಾಗಿ ಹಾರುತ್ತದೆ. ಇದು ಡೌನ್‌ವಿಂಡ್. ಎತ್ತರ ಸಾಮಾನ್ಯವಾಗಿ ನೆಲದಿಂದ 1,000 ಅಡಿ. ರನ್‌ವೇಯ ತುದಿ ದಾಟಿ ಅಡ್ಡಕ್ಕೆ ತಿರುಗಿದರೆ ಅದು ಬೇಸ್. ಇನ್ನೊಮ್ಮೆ ತಿರುಗಿ ರನ್‌ವೇಗೆ ನೇರ ಬಂದರೆ ಫೈನಲ್. ಬೇಸ್‌ನಿಂದ ಫೈನಲ್‌ಗೆ ತಿರುಗುವ ಹೊತ್ತಿಗೆ ಎತ್ತರ 500 ಅಡಿಯ ಆಸುಪಾಸಿಗೆ ಬಂದಿರುತ್ತದೆ. ವೇಗವೂ ಕಡಿಮೆ ಮಾಡಿರುತ್ತೇವೆ. ಅಂದರೆ ಎತ್ತರವೂ ಇಲ್ಲ, ವೇಗವೂ ಇಲ್ಲ, ಮೇಲಾಗಿ ತಿರುಗುತ್ತಿದ್ದೇವೆ.

ಕೋರ್ಸ್ ಶುರುವಾಗಿದ್ದು ನೆಲದ ಮೇಲಿನ ಪಾಠದಿಂದ. ಈ ಭಾಗ ನಿಜಕ್ಕೂ ಚೆನ್ನಾಗಿತ್ತು. ಇನ್‌ಸ್ಟ್ರಕ್ಟರ್ ವಯಸ್ಸಾದವರು, ಮಾತು ಕಡಿಮೆ, ಬೋರ್ಡಿನ ಮೇಲೆ ಚಿತ್ರ ಬರೆದೇ ಹೇಳುವವರು. ಅವರು ಹೇಳಿದ ಮೊದಲ ಮಾತು, ಸ್ಟಾಲ್ ಆಗೋದು ವೇಗ ಕಡಿಮೆಯಾಗಿದ್ದಕ್ಕೆ ಅಲ್ಲ, ರೆಕ್ಕೆ ಗಾಳಿಗೆ ಎದುರಾಗುವ ಕೋನ ಜಾಸ್ತಿಯಾಗಿದ್ದಕ್ಕೆ. ಇದು ಪುಸ್ತಕದಲ್ಲೂ ಇರುತ್ತದೆ, ಪರೀಕ್ಷೆಯಲ್ಲೂ ನಾವೆಲ್ಲ ಬರೆದಿರುತ್ತೇವೆ. ಆದರೆ ಬರೆದವರೇ ಕಾಕ್‌ಪಿಟ್‌ನಲ್ಲಿ ಕೂತಾಗ ವೇಗದ ಮೀಟರ್ ಒಂದನ್ನೇ ನಂಬುತ್ತಾರೆ. ಓಡುವ ಕಾರಿನ ಕಿಟಕಿಯಿಂದ ಅಂಗೈ ಹೊರಗೆ ಚಾಚಿ ಮುಂದಿನ ಅಂಚನ್ನು ಸ್ವಲ್ಪ ಎತ್ತಿ ನೋಡಿ. ಕೈ ಮೇಲೇಳುತ್ತದೆ. ಇನ್ನೂ ಎತ್ತುತ್ತಾ ಹೋದರೆ ಒಂದು ಹಂತದಲ್ಲಿ ಮೇಲೇಳುವುದು ನಿಂತು ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಸಣ್ಣ ವಿಮಾನಗಳ ರೆಕ್ಕೆಗೆ ಆ ಹಂತ ಹೆಚ್ಚು ಕಡಿಮೆ 15ರಿಂದ 18 ಡಿಗ್ರಿ. ಆ ಕೋನ ದಾಟಿದರೆ ಯಾವ ವೇಗದಲ್ಲಾದರೂ ಸ್ಟಾಲ್ ಆಗಬಹುದು.

ತಿರುವಿನಲ್ಲಿ ಇದು ಹೇಗೆ ಸೇರಿಕೊಳ್ಳುತ್ತದೆ ಅನ್ನೋದಕ್ಕೆ ಲೆಕ್ಕ ಹಾಕಿ ತೋರಿಸಿದರು. ಎತ್ತರ ಕಳೆದುಕೊಳ್ಳದೆ 30 ಡಿಗ್ರಿ ವಾಲಿ ತಿರುಗಿದರೆ ಸ್ಟಾಲ್ ಆಗುವ ವೇಗ ಸುಮಾರು ಶೇ. 7 ಏರುತ್ತದೆ. 45 ಡಿಗ್ರಿಗೆ ಶೇ. 19. 60 ಡಿಗ್ರಿಗೆ ಶೇ. 41, ಆಗ ರೆಕ್ಕೆ ಹೊರಬೇಕಾದ ಭಾರವೂ ಎರಡು ಪಟ್ಟು. ಸೆಸ್ನಾ 172ಎಸ್ ತಗೊಳ್ಳಿ. ಫ್ಲಾಪ್ (ನಿಧಾನವಾಗಿ ಹಾರಲು ರೆಕ್ಕೆಯ ಹಿಂದಿನ ಅಂಚಿನಿಂದ ಇಳಿಸುವ ಭಾಗ) ಇಳಿಸದೆ ನೇರ ಹಾರುವಾಗ ಸ್ಟಾಲ್ ಆಗುವುದು 48 ನಾಟ್‌ಗೆ, ಅಂದರೆ ಗಂಟೆಗೆ ಸುಮಾರು 89 ಕಿ.ಮೀ. ಅದೇ ವಿಮಾನ 60 ಡಿಗ್ರಿ ವಾಲಿ ಎತ್ತರ ಹಿಡಿದುಕೊಂಡು ತಿರುಗಿದರೆ 68 ನಾಟ್‌ಗೇ ಸ್ಟಾಲ್. ನಾವು ಇಳಿಯಲು ಬರುವ ವೇಗವೇ ಅದರ ಆಸುಪಾಸಿನದು. ಈ ಅಂಕಿ ನನಗೆ ಹೊಸದಲ್ಲ, ಆದರೆ ರನ್‌ವೇಯ ಚಿತ್ರದ ಪಕ್ಕದಲ್ಲಿ, ಆ ಕೊನೆಯ ತಿರುವಿನ ಮೇಲೆ ಇದನ್ನು ಬರೆದಾಗ ಅರ್ಥವಾಗುವ ರೀತಿಯೇ ಬೇರೆ.

ಆಮೇಲೆ ಗಾಳಿಯ ಮಾತು ಬಂತು. ಬೇಸ್‌ನಲ್ಲಿ ಹಾರುವಾಗ ಗಾಳಿ ಹಿಂದಿನಿಂದ ನೂಕುತ್ತಿದೆ ಅಂದುಕೊಳ್ಳಿ. ನೆಲದ ಮೇಲೆ ವಿಮಾನ ಓಡುವ ವೇಗ ಜಾಸ್ತಿ. ತಿರುವು ಎಂದಿನ ಜಾಗದಲ್ಲೇ ಶುರು ಮಾಡುತ್ತೇವೆ, ಆದರೆ ರನ್‌ವೇಯ ನೇರ ದಾಟಿ ಆಚೆ ಹೋಗಿಬಿಟ್ಟಿರುತ್ತೇವೆ. ಜೊತೆಗೆ ಕೆಳಗೆ ನೆಲ ಬೇಗ ಬೇಗ ಓಡುತ್ತಿರುವುದು ಕಣ್ಣಿಗೆ ಕಾಣುತ್ತದೆ, ವೇಗ ಜಾಸ್ತಿಯಾಗಿದೆ ಅನ್ನಿಸುತ್ತದೆ, ಗೊತ್ತಿಲ್ಲದೇ ಸ್ಟಿಕ್ (ಮೂಗು ಎತ್ತಲು, ವಿಮಾನ ವಾಲಿಸಲು ಕೈಯಲ್ಲಿ ಹಿಡಿಯುವ ಕೋಲು) ಹಿಂದಕ್ಕೆ ಎಳೆಯುತ್ತೇವೆ. ಈಗ ರನ್‌ವೇಗೆ ಹಿಂತಿರುಗಬೇಕು. ಇನ್ನೂ ಜಾಸ್ತಿ ವಾಲಿಸಲು ಭಯ, ಇಷ್ಟು ಕೆಳಗೆ ಜಾಸ್ತಿ ವಾಲಿಸಬಾರದು ಅಂತ ಎಲ್ಲರೂ ಹೇಳಿಕೊಟ್ಟಿರುತ್ತಾರೆ. ಹಾಗಾಗಿ ಕಾಲು ಕೆಲಸ ಮಾಡುತ್ತದೆ. ತಿರುವಿನ ಒಳಗಿನ ರಡರ್ (ಬಾಲದ ಚುಕ್ಕಾಣಿ ತಿರುಗಿಸುವ ಪೆಡಲ್) ಒತ್ತಿ ಮೂಗನ್ನು ರನ್‌ವೇ ಕಡೆ ಎಳೆಯುತ್ತೇವೆ.

ಇಲ್ಲಿಂದ ಮುಂದಿನದು ಬಹಳ ಮುಖ್ಯ. ಎಡಕ್ಕೆ ತಿರುಗುತ್ತಿದ್ದೇವೆ ಅಂತಿಟ್ಟುಕೊಳ್ಳಿ. ಎಡ ರಡರ್ ಒತ್ತಿದಾಗ ಹೊರಗಿನ ಬಲ ರೆಕ್ಕೆ ವೇಗವಾಗಿ ಸುತ್ತುತ್ತದೆ, ಮೇಲೇಳುತ್ತದೆ, ವಿಮಾನ ಇನ್ನೂ ಎಡಕ್ಕೆ ವಾಲುತ್ತದೆ. ಅದನ್ನು ತಡೆಯಲು ಕೈ ತಾನಾಗೇ ಬಲಕ್ಕೆ ಹೋಗುತ್ತದೆ. ಆಗ ಎಡ ರೆಕ್ಕೆಯ ಏಲೆರಾನ್ (ವಿಮಾನ ವಾಲಿಸಲು ರೆಕ್ಕೆಯ ಹಿಂದಿನ ಅಂಚಿನಲ್ಲಿರುವ ಹಲಗೆ) ಕೆಳಗಿಳಿಯುತ್ತದೆ, ಆ ರೆಕ್ಕೆಯ ಕೋನ ಜಾಸ್ತಿಯಾಗುತ್ತದೆ. ರಡರ್‌ನಿಂದ ಮೂಗು ಕೆಳಗೆ ಜಾರುತ್ತದೆ, ಅದನ್ನು ಎತ್ತಲು ಸ್ಟಿಕ್ ಇನ್ನಷ್ಟು ಎಳೆಯುತ್ತೇವೆ, ಕೋನ ಮತ್ತೂ ಜಾಸ್ತಿ. ಕಾಲು ಎಡಕ್ಕೆ, ಕೈ ಬಲಕ್ಕೆ, ಸ್ಟಿಕ್ ಹೊಟ್ಟೆಗೆ. ಇದೇ ಸ್ಕಿಡ್. ಕೆಳಗಿರುವ ಎಡ ರೆಕ್ಕೆ ಮೊದಲು ಸ್ಟಾಲ್ ಆಗುತ್ತದೆ, ಮೇಲಿನದು ಇನ್ನೂ ಹಾರುತ್ತಿರುತ್ತದೆ, ವಿಮಾನ ಎಡಕ್ಕೆ ಉರುಳಿ ಬೆನ್ನಡಿಯಾಗುತ್ತದೆ. ಇದರಲ್ಲಿ ಒಂದೊಂದು ಚಲನೆಯೂ ಆ ಕ್ಷಣಕ್ಕೆ ಸರಿ ಅನ್ನಿಸುವಂಥದ್ದೇ. ಅದಕ್ಕೇ ಒಳ್ಳೆ ಪೈಲಟ್‌ಗಳೂ ಇದರಲ್ಲಿ ಸಾಯುತ್ತಾರೆ.

ಹೊಸಬರಿಗೆ ಮಾತ್ರ ಆಗುವಂಥದ್ದು ಅಂದುಕೊಂಡವರಿಗೆ ಎರಡು ಉದಾಹರಣೆ ಕೊಟ್ಟರು. 2017ರ ಮೇ 15ರಂದು ಅಮೆರಿಕದ ಟೀಟರ್‌ಬೊರೊದಲ್ಲಿ ಬಿದ್ದ ಲಿಯರ್‌ಜೆಟ್ 35ಎ, ಅದರಲ್ಲಿದ್ದ ಇಬ್ಬರು ಪೈಲಟ್‌ಗಳೂ ಸತ್ತರು. 2021ರ ಜುಲೈ 26ರಂದು ಕ್ಯಾಲಿಫೋರ್ನಿಯಾದ ಟ್ರಕಿಯಲ್ಲಿ ಬಿದ್ದ ಚಾಲೆಂಜರ್ 605, ಆರು ಜನ ಸತ್ತರು. ಎರಡೂ ಜೆಟ್, ಎರಡರಲ್ಲೂ ವೃತ್ತಿಯ ಪೈಲಟ್‌ಗಳೇ ಇದ್ದರು, ಎರಡೂ ರನ್‌ವೇಗೆ ಸುತ್ತು ಹಾಕಿ ಇಳಿಯಲು ಬರುತ್ತಾ ಸ್ಟಾಲ್ ಆಗಿ ಬಿದ್ದವು.

ಇನ್ನು ಹಾರಾಟ. ವಿಮಾನ ಸೂಪರ್ ಡೆಕಾಥ್ಲಾನ್. ಒಬ್ಬರ ಹಿಂದೆ ಒಬ್ಬರು ಕೂರುವ ಎರಡು ಸೀಟು, ಸ್ಟಿಕ್, ಬಟ್ಟೆ ಹೊದಿಸಿದ ಮೈ, ಮೇಲ್ಮುಖವಾಗಿ 6 ಜಿ, ಕೆಳಮುಖವಾಗಿ 5 ಜಿ ತಡೆಯುವ ಗಟ್ಟಿ ರಚನೆ (1 ಜಿ ಅಂದರೆ ಗುರುತ್ವ ಬಲದಷ್ಟು). ಬೆನ್ನಿಗೆ ಪ್ಯಾರಾಶೂಟ್ ಕಟ್ಟಿದರು, ತುರ್ತಿನಲ್ಲಿ ಬಾಗಿಲು ಕಳಚುವುದು ಹೇಗೆ, ಬೆಲ್ಟ್ ಬಿಡಿಸುವುದು ಯಾವ ಕ್ರಮದಲ್ಲಿ, ಯಾರು ಮೊದಲು ಹಾರಬೇಕು, ಎಲ್ಲವನ್ನೂ ನೆಲದ ಮೇಲೆ ಮಾಡಿಸಿ ನೋಡಿದರು. ಸುಮ್ನೆ ಬಾಯಲ್ಲಿ ಹೇಳಿ ಬಿಡಲಿಲ್ಲ. ಈ ಒಂದು ವಿಷಯಕ್ಕೆ ಅವರಿಗೆ ಪೂರ್ತಿ ಅಂಕ.

ಮೊದಲು ನೇರ ಸ್ಟಾಲ್‌ಗಳು. ಆಮೇಲೆ ಫಾಲಿಂಗ್ ಲೀಫ್ ಅಂತ ಒಂದು ಅಭ್ಯಾಸ. ಸ್ಟಿಕ್ ಪೂರ್ತಿ ಹಿಂದಕ್ಕೆ ಎಳೆದು ವಿಮಾನವನ್ನು ಸ್ಟಾಲ್‌ನಲ್ಲೇ ಇಟ್ಟುಕೊಂಡು, ಬೀಳುವ ರೆಕ್ಕೆಯನ್ನು ಬರೀ ರಡರ್‌ನಿಂದ ಎತ್ತುತ್ತಾ ಇರಬೇಕು. ಏಲೆರಾನ್ ಮುಟ್ಟುವ ಹಾಗಿಲ್ಲ. ನೋಡಲು ಸಾಧಾರಣ, ಮಾಡಲು ಕಷ್ಟ. ನನ್ನ ಕಾಲುಗಳಿಗೆ ಇದರಲ್ಲಿ ಬಂದ ಚುರುಕು ಬೇರೆ ಯಾವ ಅಭ್ಯಾಸದಲ್ಲೂ ಬಂದಿಲ್ಲ. ಒಂದು ರೆಕ್ಕೆ ಬೀಳಲು ಶುರುವಾಗುವ ಮುಂಚೆ ಸೀಟಿನಲ್ಲಿ ಏನಾಗುತ್ತದೆ, ಸ್ಟಿಕ್ ಎಷ್ಟು ಸಡಿಲವಾಗುತ್ತದೆ, ನಡುಕ ಎಲ್ಲಿಂದ ಬರುತ್ತದೆ ಅನ್ನೋದು ಮೈಗೆ ಗೊತ್ತಾಗುತ್ತದೆ.

ಇಡೀ ಕೋರ್ಸ್‌ನಲ್ಲಿ ಅತ್ಯಂತ ಬೆಲೆಬಾಳುವ ಪಾಠ ಆಮೇಲೆ ಬಂತು. 5,000 ಅಡಿಗಿಂತ ಮೇಲೆ ಹಾರುತ್ತಾ ಇನ್‌ಸ್ಟ್ರಕ್ಟರ್ ಹೇಳಿದರು, "ಈಗ 5,000 ಅಡಿಯೇ ನಮ್ಮ ನೆಲ. ಕೆಳಗಿನ ಆ ರಸ್ತೆ ರನ್‌ವೇ. ನೀವು 500 ಅಡಿ ಮೇಲೆ ಬೇಸ್‌ನಲ್ಲಿದ್ದೀರಿ. ತಿರುಗಿ." ತಿರುಗಿದೆ. ಅವರು ಹೇಳಿದ ಹಾಗೆ ರಸ್ತೆಯ ನೇರ ದಾಟಿ ಹೋಗಲು ಬಿಟ್ಟೆ, ಒಳಗಿನ ರಡರ್ ಒತ್ತಿದೆ, ಇನ್ನೂ ವಾಲದಂತೆ ಸ್ಟಿಕ್‌ನಿಂದ ತಡೆದು ಹಿಡಿದೆ, ಎಳೆದೆ. ಒಂದೆರಡು ಕ್ಷಣ ಏನೂ ಆಗಲಿಲ್ಲ. ಮೂಗು ಅಷ್ಟೇನೂ ಮೇಲಿರಲಿಲ್ಲ, ಸ್ಟಾಲ್ ಆಗುವ ವಿಮಾನದ ಹಾಗೆ ಕಾಣಲೇ ಇಲ್ಲ. ಮರುಕ್ಷಣ ರಸ್ತೆ ತಲೆಯ ಮೇಲಿತ್ತು. ಪವರ್ ತೆಗೆದು, ಏಲೆರಾನ್ ಮಧ್ಯಕ್ಕೆ ತಂದು, ಎದುರಿನ ರಡರ್ ಪೂರ್ತಿ ಒತ್ತಿ, ಸ್ಟಿಕ್ ಮುಂದಕ್ಕೆ ತಳ್ಳಿ, ಸುತ್ತು ನಿಂತ ಮೇಲೆ ಮೆಲ್ಲಗೆ ಎತ್ತಿ ನೇರ ಮಾಡಿದಾಗ ಎತ್ತರದ ಮೀಟರ್ 5,000ಕ್ಕಿಂತ ಬಹಳ ಕೆಳಗೆ ತೋರಿಸುತ್ತಿತ್ತು. ಹಿಂದಿನ ಸೀಟಿನಿಂದ ಒಂದೇ ಪ್ರಶ್ನೆ: "ನೆಲ ಎಲ್ಲಿದೆ ನೋಡಿದಿರಾ?"

ಮತ್ತೆ ಮತ್ತೆ ಮಾಡಿದೆವು. ನನಗೆ ಗೊತ್ತಿದ್ದೇ ಮಾಡುತ್ತಿದ್ದರೂ, ಏನಾಗಲಿದೆ ಅಂತ ಕಾಯುತ್ತಾ ಕೂತಿದ್ದರೂ, ಒಮ್ಮೆ ಮಗುಚಿದ ಮೇಲೆ ಆ 500 ಅಡಿಯೊಳಗೆ ನೇರ ಮಾಡಲು ಆಗಲೇ ಇಲ್ಲ. ಸೆಸ್ನಾ ತನ್ನ 172ರ ಕೈಪಿಡಿಯಲ್ಲಿ ಇದನ್ನು ನೇರವಾಗಿಯೇ ಹೇಳಿದೆ: ಒಂದು ಸುತ್ತಿನ ಸ್ಪಿನ್ ಮತ್ತು ಅದರಿಂದ ಹೊರಬರುವುದಕ್ಕೆ ಕನಿಷ್ಠ 1,000 ಅಡಿ ಇಟ್ಟುಕೊಳ್ಳಿ. ಫೈನಲ್ ತಿರುವಿನಲ್ಲಿ ಅಷ್ಟು ಇರುವುದಿಲ್ಲ.

ಸ್ಪಿನ್‌ನಿಂದ ಹೊರಬರುವುದನ್ನು ಕಲಿಸುತ್ತಾರೆ ಅಂತ ನಂಬಿ ಜನ ಈ ಕೋರ್ಸ್‌ಗೆ ಹೋಗುತ್ತಾರೆ. ಕಲಿಸುವುದೂ ನಿಜ. ಆದರೆ ಇಳಿಯುವಾಗ ನಡೆಯುವ ಅಪಘಾತಕ್ಕೆ ಆ ವಿದ್ಯೆ ಹೆಚ್ಚು ಕಡಿಮೆ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಉಪಯೋಗಕ್ಕೆ ಬರುವುದು ಸ್ಕಿಡ್ ಶುರುವಾದ ಕೂಡಲೇ ಮೈ ಒಂದು ಪಕ್ಕಕ್ಕೆ ಒತ್ತಿಸಿಕೊಳ್ಳುವುದನ್ನು ಗುರುತಿಸುವುದು, ಕಾಲು ಹಗುರ ಮಾಡುವುದು, ಎಳೆಯುತ್ತಿರುವ ಕೈ ಸಡಿಲ ಬಿಡುವುದು, ಇಳಿಯುವುದನ್ನು ಕೈಬಿಟ್ಟು ಗೋ-ಅರೌಂಡ್ ಮಾಡುವುದು, ಅಂದರೆ ಮತ್ತೆ ಮೇಲೇರಿ ಇನ್ನೊಂದು ಸುತ್ತು ಬರುವುದು. ಅಮೆರಿಕದಲ್ಲಿ ಖಾಸಗಿ ಪೈಲಟ್ ಪರೀಕ್ಷೆಯಿಂದ ಸ್ಪಿನ್ ತೆಗೆದಿದ್ದು 1949ರಲ್ಲಿ, ಆಮೇಲೆ ಅಲ್ಲಿ ಸ್ಪಿನ್ ತರಬೇತಿ ಕಡ್ಡಾಯವಾಗಿ ಉಳಿದಿದ್ದು ಇನ್‌ಸ್ಟ್ರಕ್ಟರ್ ಆಗಬೇಕಾದವರಿಗೆ. ಸ್ಪಿನ್‌ನಿಂದ ಹೊರಬರುವುದಕ್ಕಿಂತ ಸ್ಟಾಲ್ ಗುರುತಿಸುವುದು, ತಪ್ಪಿಸುವುದು ಮುಖ್ಯ ಅನ್ನೋದು ಆ ತೀರ್ಮಾನದ ಹಿಂದಿನ ವಾದ. ವಾದ ಸರಿಯೇ. ಆದರೆ ಒಮ್ಮೆಯೂ ಅಂಚು ದಾಟಿ ನೋಡದವನಿಗೆ ಅಂಚು ಎಲ್ಲಿದೆ ಅಂತ ಹೇಗೆ ಗೊತ್ತಾಗಬೇಕು? ತರಗತಿಯಲ್ಲಿ ಹೇಳಿದ್ದು ತಲೆಗೆ ಹೋಗುತ್ತದೆ, ರಸ್ತೆ ತಲೆಯ ಮೇಲೆ ಬಂದಿದ್ದನ್ನು ನೋಡಿದ್ದು ಕಾಲಿಗೆ ಹೋಗುತ್ತದೆ.

ಸ್ಲಿಪ್ ಮತ್ತು ಸ್ಕಿಡ್‌ನ ವ್ಯತ್ಯಾಸವನ್ನೂ ಪಕ್ಕಪಕ್ಕದಲ್ಲೇ ಮಾಡಿ ತೋರಿಸಿದರು, ಇದು ನನಗೆ ಬಹಳ ಇಷ್ಟವಾಯಿತು. ಅದೇ ತಿರುವು, ಅದೇ ವೇಗ, ಆದರೆ ಈ ಸಲ ಹೊರಗಿನ ರಡರ್, ಇದು ಸ್ಲಿಪ್. ಸ್ಟಾಲ್ ಆದಾಗ ಮೇಲಿನ ರೆಕ್ಕೆ ಮೊದಲು ಬಿತ್ತು, ವಿಮಾನ ನೇರವಾಗುವ ಕಡೆಗೇ ಉರುಳಿತು, ಸ್ಟಿಕ್ ಸ್ವಲ್ಪ ಮುಂದೆ ಬಿಟ್ಟರೆ ಸಾಕಾಯಿತು. ಹಾಗಂತ ಸ್ಲಿಪ್‌ನಲ್ಲಿ ಸ್ಟಾಲ್ ಮಾಡಿದರೆ ಪರವಾಗಿಲ್ಲ ಅಂತಲ್ಲ. ಎರಡರ ನಡುವಿನ ಅಂತರ ಅಷ್ಟಿದೆ ಅನ್ನೋದು ಗೊತ್ತಿರಬೇಕು, ಅಲ್ವಾ.

ಕೋರ್ಸ್ ಬದಲು ಉಪಕರಣ ಹಾಕಿಸಿಕೊಂಡರೆ ಸಾಲದೇ ಅಂತ ನನ್ನನ್ನು ಕೆಲವರು ಕೇಳಿದ್ದಾರೆ. ರೆಕ್ಕೆಯ ಕೋನ ತೋರಿಸುವ ಆಂಗಲ್ ಆಫ್ ಅಟ್ಯಾಕ್ ಮೀಟರ್ ಈಗ ಸಣ್ಣ ವಿಮಾನಕ್ಕೂ ಸಿಗುತ್ತದೆ. 2014ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಇದನ್ನು ಹಾಕಿಸುವ ನಿಯಮ ಸುಲಭ ಮಾಡಿತು. ನಾನು ಇದರ ಪರವೇ. ಹಸಿರು, ಹಳದಿ, ಕೆಂಪು ದೀಪ ಕಣ್ಣೆದುರು ಇದ್ದರೆ, ಜೊತೆಗೆ ಕಿವಿಗೆ ಸದ್ದೂ ಬಂದರೆ ಖಂಡಿತ ಒಳ್ಳೆಯದು. ಹಾಕಿಸಿದ ಮೇಲೆ ಹಾರಿ ಸರಿಯಾಗಿ ಹೊಂದಿಸಬೇಕು, ಇಲ್ಲದಿದ್ದರೆ ಅದು ತೋರಿಸುವುದನ್ನು ನಂಬುವ ಹಾಗಿಲ್ಲ. ಹೊಂದಿಸಿದ ಮೇಲೂ ಎಡ ರೆಕ್ಕೆ ಬಲ ರೆಕ್ಕೆ ಬೇರೆ ಬೇರೆ ಕೋನದಲ್ಲಿರುವ ಸ್ಕಿಡ್‌ನಲ್ಲಿ ಒಂದೇ ರೆಕ್ಕೆಗೆ ಜೋಡಿಸಿದ ಸೆನ್ಸರ್ ಎರಡರ ಕಥೆಯನ್ನೂ ಹೇಳುವುದಿಲ್ಲ. ಸೆಸ್ನಾದ ಸ್ಟಾಲ್ ಹಾರ್ನ್ ಕೂಡ ಸ್ಟಾಲ್‌ಗೆ 5ರಿಂದ 10 ನಾಟ್ ಮುಂಚೆಯೇ ಕೂಗುತ್ತದೆ. ಕೂಗಿದ್ದು ಕೇಳಿಸದ ಹಾಗೆ ಮನಸ್ಸು ರನ್‌ವೇಗೆ ಅಂಟಿಕೊಂಡಿರುತ್ತದೆ, ತೊಂದರೆ ಇರುವುದು ಅಲ್ಲಿ.

ಸಿರಸ್ ಕಂಪನಿಯ ವಿಮಾನ ಇರುವವರು ಇಡೀ ವಿಮಾನಕ್ಕೇ ಪ್ಯಾರಾಶೂಟ್ ಇದೆಯಲ್ಲ ಅನ್ನುತ್ತಾರೆ. 1998ರಲ್ಲಿ ಎಸ್‌ಆರ್20 ಜೊತೆ ಪ್ರಮಾಣಪತ್ರ ಪಡೆದ ಆ ವ್ಯವಸ್ಥೆ ಎಷ್ಟೋ ಜೀವ ಉಳಿಸಿದೆ, ಅದರ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೆ ಎಸ್‌ಆರ್22ರ ಹಳೆಯ ಮಾದರಿಗಳ ಕೈಪಿಡಿ ತೆಗೆದು ನೋಡಿ. ನೇರ ಹಾರಾಟದಲ್ಲಿ ಪ್ಯಾರಾಶೂಟ್ ಬಿಚ್ಚಿದರೆ ಕಳೆದುಕೊಳ್ಳುವ ಎತ್ತರ 400 ಅಡಿ. ಒಂದು ಸುತ್ತಿನ ಸ್ಪಿನ್‌ನಲ್ಲಿ ಬಿಚ್ಚಿದರೆ 920 ಅಡಿ. ಫೈನಲ್ ತಿರುವಿನಲ್ಲಿ ನಿಮ್ಮ ಹತ್ತಿರ ಇರುವುದು 500.

ಮನೆಯ ಕಂಪ್ಯೂಟರ್ ಸಿಮ್ಯುಲೇಟರ್ ಬಗ್ಗೆ ಒಂದೇ ಮಾತು. ಬೇಸ್‌ನಲ್ಲಿ ಹಿಂಗಾಳಿ ಇಟ್ಟು ನೇರ ದಾಟಿ ಹೋಗುವುದು ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸ ಮಾಡಿಸಲು ಒಳ್ಳೆಯದು. ಸೀಟಿನಲ್ಲಿ ಪಕ್ಕಕ್ಕೆ ಒತ್ತುವ ಆ ಒತ್ತಡ ಅದರಲ್ಲಿ ಬರುವುದಿಲ್ಲ.

ಈಗ ಕೊರತೆಗಳು. ಸಣ್ಣವು ಮೊದಲು. ಡೆಕಾಥ್ಲಾನ್‌ಗೆ ಫ್ಲಾಪ್ ಇಲ್ಲ. ನಮ್ಮಲ್ಲಿ ಹೆಚ್ಚಿನವರು ಫ್ಲಾಪ್ ಇಳಿಸಿಯೇ ಫೈನಲ್‌ಗೆ ಬರುವವರು, ಹಾಗಾಗಿ ಮೂಗು ಎಲ್ಲಿರುತ್ತದೆ, ಮುಂದಿನ ದೃಶ್ಯ ಹೇಗಿರುತ್ತದೆ ಅನ್ನೋದು ಪೂರ್ತಿ ಹೊಂದುವುದಿಲ್ಲ. ಕೊನೆಯ ಹಾರಾಟದಲ್ಲಿ ಲೂಪ್, ರೋಲ್ ಅಂತ ಆಕಾಶದ ಕಸರತ್ತಿನಲ್ಲಿ ಸಮಯ ಕಳೆದರು. ಮಜಾ ಇತ್ತು, ಇಲ್ಲ ಅನ್ನುವುದಿಲ್ಲ, ಆದರೆ ನಾನು ಅದಕ್ಕೆ ಬಂದಿರಲಿಲ್ಲ. ಹೊಟ್ಟೆ ತೊಳಸುವವರ ಬಗ್ಗೆ ಇನ್ನಷ್ಟು ತಾಳ್ಮೆ ಬೇಕಿತ್ತು. ನನ್ನ ಜೊತೆ ಬಂದಿದ್ದ ಒಬ್ಬರಿಗೆ ಮೊದಲ ಸ್ಪಿನ್ ಆದ ಮೇಲೆ ಪಾಠ ಏನೂ ತಲೆಗೆ ಹೋಗಿರಲಿಲ್ಲ. ಹಾರಾಟವನ್ನು ಚಿಕ್ಕದು ಮಾಡಿ, ಎರಡಾಗಿ ಒಡೆದಿದ್ದರೆ ಅವರಿಗೆ ಉಪಯೋಗ ಆಗುತ್ತಿತ್ತು. ಹಾರಾಟದ ವಿಡಿಯೋ ಕೊಡುತ್ತೇವೆ ಅಂದಿದ್ದರು, ಕೊಡಲಿಲ್ಲ. ಸ್ಕಿಡ್‌ನಲ್ಲಿ ನನ್ನ ಕೈ ಕಾಲು ಏನು ಮಾಡುತ್ತಿತ್ತು ಅಂತ ಕೂತು ನೋಡಬೇಕು ಅಂದುಕೊಂಡಿದ್ದೆ.

ದೊಡ್ಡ ಕೊರತೆ ಗೋ-ಅರೌಂಡ್. ಎಲ್ಲದಕ್ಕೂ ಉತ್ತರ ಗೋ-ಅರೌಂಡ್ ಅಂತ ತರಗತಿಯಲ್ಲಿ ಹೇಳಿದರು. ಆದರೆ ಆ ಗೋ-ಅರೌಂಡನ್ನು ಸರಿಯಾಗಿ ಮಾಡಿಸಲೇ ಇಲ್ಲ. ಹ್ಯೂಸ್ಟನ್ ಅಪಘಾತ ಗೊತ್ತಿರುವವರಿಗೆ ಇದು ಎಷ್ಟು ದೊಡ್ಡ ಲೋಪ ಅಂತ ತಿಳಿಯುತ್ತದೆ. 2016ರ ಜೂನ್ 9. ಒಂದು ಸಿರಸ್ ಎಸ್‌ಆರ್20 ಹ್ಯೂಸ್ಟನ್‌ನ ಹಾಬಿ ವಿಮಾನ ನಿಲ್ದಾಣದಲ್ಲಿ ಇಳಿಯಲು ಬರುತ್ತಿತ್ತು. ಒಳಗೆ ಮೂವರು. ಅದು ದೊಡ್ಡ ನಿಲ್ದಾಣ, ಹಿಂದೆ ವೇಗವಾಗಿ ಬರುತ್ತಿದ್ದ ಬೋಯಿಂಗ್ 737. ನಿಲ್ದಾಣದ ಏರ್ ಟ್ರಾಫಿಕ್ ಕಂಟ್ರೋಲರ್ ಗೋ-ಅರೌಂಡ್ ಮಾಡಲು ಹೇಳಿದರು. ಆಮೇಲೆ ರನ್‌ವೇ ಬದಲು, ಹೊಸ ಸೂಚನೆ, ಮತ್ತೆ ಬದಲು. ಪೈಲಟ್ ಎಲ್ಲದಕ್ಕೂ ಸಮಾಧಾನದಿಂದ, ಸೌಜನ್ಯದಿಂದ ಉತ್ತರ ಕೊಡುತ್ತಾ ಬಂದರು. ಫೈನಲ್‌ನಲ್ಲಿ ಎತ್ತರ ಜಾಸ್ತಿಯಾಯಿತು, ಮತ್ತೆ ಗೋ-ಅರೌಂಡ್. ಕೊನೆಯ ಗೋ-ಅರೌಂಡ್‌ನಲ್ಲಿ ವೇಗ ಸಾಕಷ್ಟು ಏರುವ ಮುಂಚೆ ಫ್ಲಾಪ್ ಎತ್ತಿದರು. ವಿಮಾನ ತಿರುಗುತ್ತಿತ್ತು. ಸ್ಟಾಲ್ ಆಗಿ ಸ್ಪಿನ್‌ಗೆ ಹೋಗಿ ಒಂದು ಅಂಗಡಿಯ ಪಾರ್ಕಿಂಗ್ ಜಾಗದಲ್ಲಿ ಬಿತ್ತು. ಮೂವರೂ ಸತ್ತರು.

ತನಿಖೆ ಮಾಡಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ, ಫ್ಲಾಪ್ ಎತ್ತಿದ ರೀತಿಯನ್ನು ಕಾರಣ ಅಂತ ಹೇಳಿದ್ದರ ಜೊತೆಗೆ, ಕಂಟ್ರೋಲರ್‌ಗಳ ತೀರ್ಮಾನವೂ, ಅನಗತ್ಯವಾಗಿ ಜಟಿಲವಾದ ಸೂಚನೆಯೂ, ಪೈಲಟ್ ಗಟ್ಟಿಯಾಗಿ ಆಗುವುದಿಲ್ಲ ಅನ್ನದೇ ಹೋಗಿದ್ದೂ ಸೇರಿಕೊಂಡಿವೆ ಅಂತ ಬರೆದಿತ್ತು. ನನಗೆ ಈ ವರದಿ ಓದಿದಾಗ ಪೈಲಟ್ ಮೇಲೆ ಸಿಟ್ಟು ಬರಲಿಲ್ಲ, ಸಂಕಟವಾಯಿತು. ಯಾರಿಗೂ ತೊಂದರೆ ಕೊಡಬಾರದು, ಹೇಳಿದ್ದನ್ನು ಮಾಡಬೇಕು ಅಂತ ಪ್ರಯತ್ನಪಟ್ಟ ಮನುಷ್ಯ ಅದರಲ್ಲಿ ಕಾಣಿಸುತ್ತಾರೆ. ನಾವೆಲ್ಲ ಹಾಗೇ ಅಲ್ವಾ? ರೇಡಿಯೋದಲ್ಲಿ ಯಾರೋ ಅವಸರದಲ್ಲಿ ಏನೋ ಹೇಳಿದರೆ "ಸ್ವಲ್ಪ ಇರಿ" ಅನ್ನಲು ಎಷ್ಟು ಜನಕ್ಕೆ ಬಾಯಿ ಬರುತ್ತದೆ?

ಈ ಕೋರ್ಸ್‌ನಲ್ಲಿ ಅಂಥ ಒತ್ತಡ ಎಲ್ಲೂ ಇರಲಿಲ್ಲ. ಸ್ವಚ್ಛ ಆಕಾಶ, ಖಾಲಿ ಜಾಗ, ಮುಂಚೆಯೇ ಮಾತಾಡಿಕೊಂಡ ಅಭ್ಯಾಸ. ನಾನು ಸ್ಕಿಡ್ ಮಾಡಿದ್ದು ಹೇಳಿಸಿಕೊಂಡು. ನಿಜವಾದ ಸ್ಕಿಡ್ ಆಗುವುದು ಗಮನ ಬೇರೆ ಕಡೆ ಇದ್ದಾಗ. ಇನ್‌ಸ್ಟ್ರಕ್ಟರ್ ಹಿಂದಿನಿಂದ ಕಂಟ್ರೋಲರ್ ಪಾತ್ರ ಮಾಡಬಹುದಿತ್ತು. ರನ್‌ವೇ ಬದಲಿಸಿ, ಬೇಗ ತಿರುಗಿ ಅಂತ ಒತ್ತಾಯ ಮಾಡಿ, ಹಿಂದೆ ಜೆಟ್ ಇದೆ ಅಂತ ಹೆದರಿಸಿ, ಆಗ ನನ್ನ ಕಾಲು ಏನು ಮಾಡುತ್ತದೆ ಅಂತ ನೋಡಬಹುದಿತ್ತು. ಅದೇ 5,000 ಅಡಿಯ ನೆಲ ಇಟ್ಟುಕೊಂಡು, ಇಳಿಯಲು ಟ್ರಿಮ್ ಮಾಡಿದ (ಸ್ಟಿಕ್ ಒತ್ತಿ ಹಿಡಿಯದೆಯೂ ಆ ವೇಗದಲ್ಲೇ ಹಾರುವಂತೆ ಹೊಂದಿಸಿದ) ವಿಮಾನಕ್ಕೆ ಇದ್ದಕ್ಕಿದ್ದ ಹಾಗೆ ಪೂರ್ತಿ ಪವರ್ ಕೊಟ್ಟರೆ ಮೂಗು ತಾನಾಗೇ ಮೇಲೆ ಹೋಗಿ ಸ್ಟಾಲ್ ಕಡೆ ನುಗ್ಗುವುದನ್ನು ತೋರಿಸಬಹುದಿತ್ತು. ಟ್ರಿಮ್ ಸ್ಟಾಲ್ ಅನ್ನುವ ಈ ಅಭ್ಯಾಸ ಹೊಸದೇನೂ ಅಲ್ಲ. ಮುಗಿಸುವಾಗ ಇದನ್ನೆಲ್ಲ ಅವರಿಗೇ ಹೇಳಿದೆ. ಸಮಯ ಸಾಲುವುದಿಲ್ಲ ಅಂದರು. ಲೂಪ್ ಮಾಡಲು ಸಮಯ ಇತ್ತಲ್ಲ ಅಂತ ಕೇಳಿದೆ, ಉತ್ತರ ಬರಲಿಲ್ಲ.

ಇಳಿಯುವಾಗಿನ ಎಲ್ಲ ಅಪಘಾತಕ್ಕೂ ಈ ಕೋರ್ಸ್ ಮದ್ದಲ್ಲ ಅನ್ನೋದನ್ನೂ ಹೇಳಬೇಕು. 2022ರ ಆಗಸ್ಟ್ 18ರಂದು ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ ಒಂದು ಸೆಸ್ನಾ 152 ಮತ್ತು ಅದಕ್ಕಿಂತ ಬಹಳ ವೇಗವಾಗಿ ನೇರ ಬರುತ್ತಿದ್ದ ಸೆಸ್ನಾ 340 ಇಳಿಯುವ ಹಂತದಲ್ಲಿ ಡಿಕ್ಕಿ ಹೊಡೆದು ಮೂವರು ಸತ್ತರು. ಅಲ್ಲಿ ಕಂಟ್ರೋಲ್ ಟವರ್ ಇಲ್ಲ, ಪೈಲಟ್‌ಗಳು ರೇಡಿಯೋದಲ್ಲಿ ಹೇಳಿಕೊಂಡು, ಕಣ್ಣಲ್ಲಿ ನೋಡಿಕೊಂಡೇ ಇಳಿಯಬೇಕು. ಅದಕ್ಕೆ ಬೇಕಾದ ಕಲಿಕೆ ಬೇರೆ.

ಯಾರು ತಗೊಳ್ಳಬೇಕು? ಒಬ್ಬರೇ ಹಾರಲು ಶುರು ಮಾಡಿ ಸರ್ಕಿಟ್ (ಡೌನ್‌ವಿಂಡ್, ಬೇಸ್, ಫೈನಲ್ ಇರುವ ರನ್‌ವೇ ಸುತ್ತಿನ ಹಾರಾಟ) ಕೈಗೆ ಹತ್ತಿದವರು ತಗೊಂಡರೆ ಒಳ್ಳೆಯದು. ಅದಕ್ಕೂ ಮುಂಚೆ ತಗೊಂಡರೆ ಎಲ್ಲವೂ ಗೊಂದಲವಾಗುತ್ತದೆ. ವರ್ಷಗಟ್ಟಲೆ ಹಾರಿದವರಿಗೆ ಇನ್ನೂ ಜಾಸ್ತಿ ಬೇಕು, ಯಾಕಂದರೆ ಅವರ ಕೈಕಾಲಿಗೆ ಅಭ್ಯಾಸಗಳು ಗಟ್ಟಿಯಾಗಿ ಕೂತಿರುತ್ತವೆ. ಬೆನ್ನು, ಕುತ್ತಿಗೆ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೋಗಬೇಡಿ. ಖಾಲಿ ಹೊಟ್ಟೆಯಲ್ಲೂ ಬೇಡ, ತುಂಬಿದ ಹೊಟ್ಟೆಯಲ್ಲೂ ಬೇಡ. ಒಮ್ಮೆ ಮಾಡಿ ಬಿಡುವುದಲ್ಲ. ಕಾಲಿಗೆ ಬಂದ ಆ ಚುರುಕು ನನಗೆ ಈಗಲೇ ಸ್ವಲ್ಪ ಮಂಕಾಗಿದೆ, ಮತ್ತೆ ಹೋಗುವವನಿದ್ದೇನೆ, ಈ ಸಲ ಫ್ಲಾಪ್ ಇರುವ ವಿಮಾನ ಇಟ್ಟಿರುವ ಶಾಲೆಗೆ.

ಹಣ ಕಟ್ಟುವ ಮುಂಚೆ ಫೋನ್ ಮಾಡಿ ನಾಲ್ಕು ಮಾತು ಕೇಳಿ. ಸುರಕ್ಷಿತ ಎತ್ತರದಲ್ಲಿ ನೆಲ ಇಟ್ಟುಕೊಂಡು ಬೇಸ್‌ನಿಂದ ಫೈನಲ್‌ಗೆ ಸ್ಕಿಡ್ ಸ್ಟಾಲ್ ಮಾಡಿಸುತ್ತೀರಾ? ಗೋ-ಅರೌಂಡ್ ಮತ್ತು ಟ್ರಿಮ್ ಸ್ಟಾಲ್ ಇದೆಯಾ? ಅಭ್ಯಾಸದ ನಡುವೆ ಗಮನ ತಪ್ಪಿಸುವ ಕೆಲಸ ಕೊಡುತ್ತೀರಾ? ಹೊಟ್ಟೆ ಕೆಟ್ಟರೆ ಹಾರಾಟ ಒಡೆದು ಮುಂದೂಡುತ್ತೀರಾ? ಮೊದಲ ಎರಡಕ್ಕೂ ಹೌದು ಅಂದರೆ ಹೋಗಿ. ಬರೀ ಲೂಪ್, ರೋಲ್ ಬಗ್ಗೆ ಹೇಳಿದರೆ ಬೇರೆ ಶಾಲೆ ಹುಡುಕಿ.